ಬಿಚ್ಚದ ಗಂಟು

ಇವತ್ತು ಮೊಮ್ಮಗಳು ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬೀದಿ ಆಕಳ ಮುಂದೆ ಇಟ್ಟಿದ್ದು ನೋಡಿ ಚೀಲಕ್ಕೆ ಕೈ ಅಡ್ಡ ಹಿಡಿದೆ.

ನಾನು ಸಣ್ಣಾಕಿ ಇದ್ದಾಗ ನಮ್ಮ ಸಾಲುಮನೆಗಳ ಚಾಳಿನ ಹಿಂದೆ ಎಮ್ಮೆ ಕಟ್ಟುವ ತಬೇಲಾ ಇತ್ತು. ಅವ್ವ ಸಿಪ್ಪೆಯನ್ನು ಬುಟ್ಟಿಯಲ್ಲಿ ಒಯ್ದು ಹಾಕುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಪುಕ್ಕಟೆ ಪ್ಲಾಸ್ಟಿಕ್ ಚೀಲ ಬಂದ ಮೇಲೆ, ಕೈ ಹೊಲಸಾಗೋದಿಲ್ಲ ಅಂತ ಚಾಳಿನವರೆಲ್ಲ ಚೀಲದ ಸಮೇತ ಎಸೆಯತೊಡಗಿದರು. ಒಂದಿನ ಅಲ್ಲಿನ ಒಂದು ಎಮ್ಮೆ ಹೊಟ್ಟೆ ಉಬ್ಬಿ ಸತ್ತಿತು. ಕೊಯ್ದು ನೋಡಿದರೆ ಒಳಗೆ ಬರೀ ಚೀಲ, ಕಟ್ಟಿದ ಗಂಟು ಸುದ್ದಾ ಬಿಚ್ಚಿರಲಿಲ್ಲ.

"ನಾವ ಉಣ್ಣಿಸಿ ಕೊಂದ್ವಲ್ಲೇ" ಅಂತ ಅವ್ವ ಅಲ್ಲೇ ಕುಂತುಬಿಟ್ಟಳು. ಮರುದಿನ ತರಕಾರಿ ಮಾರುವ ಭಾಜಿಯವನು ಚೀಲ ತೆಗೆದರೆ ಸೆರಗು ಒಡ್ಡಿದಳು. "ಇದರಾಗ ಹಾಕಪ್ಪಾ. ಇದು ಯಾವ ಎಮ್ಮಿ ಹೊಟ್ಟಿಗೂ ಹೋಗೂದಿಲ್ಲ."

ಇವತ್ತು ನಾನು ಮೊಮ್ಮಗಳಿಗೆ, "ಪುಣ್ಯ ಗಳಿಸಾಕ ಹೊಂಟೀಯೇನವ್ವಾ? ಮೊದಲ ಗಂಟು ಬಿಚ್ಚು" ಅಂದೆ. ಆಕೆ ಬಿಚ್ಚಿ ಸುರಿದ ಸಿಪ್ಪೆ ತಿಂದು ಆಕಳು ಹೋಯಿತು. ಚೀಲ ನನ್ನ ಕೈಯಲ್ಲಿದೆ, ಎಲ್ಲಿ ಎಸೆಯಬೇಕೋ ತಿಳಿಯದು.