ಒಂದು ಗಂಟೆಯ ಉಬ್ಬು

ಸೊಪ್ಪು ಬೆಳೆಯುವ ಕೋಣೆಯನ್ನು ನೋಡಿಕೊಳ್ಳುತ್ತಿದ್ದುದರಿಂದ ಅವನಿಗೆ ಸೊಪ್ಪಣ್ಣ ಎಂದೇ ಹೆಸರು ಬಿದ್ದಿತ್ತು. ಹಳೆಯ ಗೋದಾಮಿನೊಳಗೆ ಕಿಟಕಿಯಿಲ್ಲದ ಕೋಣೆ. ತಟ್ಟೆಗಳಲ್ಲಿ ಎಳೆ ಸೊಪ್ಪು, ಮೇಲೆ ಬಿಳಿ ದೀಪ, ಮೂಲೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು. ನಾವು ಬೇಡವೆಂದು ಹೊರಬಿಡುವ ಗಾಳಿಯೇ ಗಿಡಗಳಿಗೆ ಊಟ. ಅದು ತುಸು ಹೆಚ್ಚು ಸಿಕ್ಕರೆ ಸೊಪ್ಪು ಬೇಗ ಕೊಯ್ಲಿಗೆ ಬರುತ್ತದೆ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಮಾತ್ರ ದೀಪಕ್ಕೂ ಗ್ಯಾಸಿಗೂ ವಿರಾಮ.

ಆ ಹೊತ್ತಿಗೆ ಸೊಪ್ಪಣ್ಣ ಬಾಗಿಲು ಮುಚ್ಚಿಕೊಂಡು ಒಳಗೇ ಊಟದ ಡಬ್ಬಿ ಬಿಚ್ಚುತ್ತಿದ್ದ. ಮೊದಲೆಲ್ಲ ಪ್ಯಾಕಿಂಗ್ ಹೆಂಗಸರು, ಡ್ರೈವರುಗಳ ಜೊತೆ ಕೂರುತ್ತಿದ್ದವನೇ. ಹೆಂಡತಿ ತೀರಿಕೊಂಡ ಮೇಲೆ ಅವನ ಬಾಯಲ್ಲಿ ಅವಳದೇ ಮಾತು. ಪಾಪ ಎಂದು ಕೇಳಿದವರು ಮೂರು ತಿಂಗಳಲ್ಲಿ ಒಬ್ಬೊಬ್ಬರಾಗಿ ಡಬ್ಬಿ ಮುಚ್ಚಿ ಬೇರೆ ಬೆಂಚಿಗೆ ಹೋದರು. ಸೊಪ್ಪಿಗೆ ಎದ್ದುಹೋಗಲು ಕಾಲಿಲ್ಲ. ಎರಡು ವರ್ಷದಿಂದ ಅವಳ ಸುದ್ದಿಯನ್ನು ಅದಕ್ಕೇ ಹೇಳಿಕೊಂಡು ಅವನು ಹೇಗೋ ದಿನ ತಳ್ಳುತ್ತಿದ್ದ.

ಅಷ್ಟರಲ್ಲಿ ಹೊಸ ಮೀಟರು ಬಂತು. ಗಾಳಿಯಲ್ಲಿ ಗ್ಯಾಸು ಎಷ್ಟಿದೆ ಎಂದು ನಿಮಿಷ ನಿಮಿಷಕ್ಕೂ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಿತ್ತು. ಸಿಲಿಂಡರಿನ ವಾಲ್ವು ಮುಚ್ಚಿರುವ ಒಂದು ಗಂಟೆಗೆ ಸರಿಯಾಗಿ ಆ ಗೆರೆ ಏರುವುದನ್ನು ಒಡತಿ ಕಂಡಳು. ವಾಲ್ವು ಸೋರುತ್ತಿದ್ದರೆ ಜೀವಕ್ಕೇ ಅಪಾಯ. ಮೆಕ್ಯಾನಿಕ್ಕನ್ನು ಕರೆಸಿದಳು. ಅವನು ವಾಲ್ವು ಬದಲಿಸಿದ, ಪೈಪು ಬದಲಿಸಿದ. ಗೆರೆಯ ಉಬ್ಬು ಹೋಗಲಿಲ್ಲ.

"ಎರಡು ಸಲ ಬಂದ್ರಿ, ಎರಡು ಸಲಾನೂ ಅದೇ ಕತೆ," ಎಂದು ಒಡತಿ ರೇಗಿದಳು. "ನಾಳೆಯಿಂದ ನೀವು ಬರೋದೇ ಬೇಡ. ಬೇರೆಯವರನ್ನ ನೋಡ್ಕೊತೀನಿ."

"ಅಮ್ಮಾ, ನಂದೇನೂ ತಪ್ಪಿಲ್ಲ. ಎಲ್ಲೂ ಸೋರ್ತಿಲ್ಲ, ಸೋಪಿನ ನೀರು ಹಾಕಿ ನೋಡಿದೀನಿ," ಎಂದ ಮೆಕ್ಯಾನಿಕ್ಕು.

ಪಕ್ಕದಲ್ಲೇ ನಿಂತಿದ್ದ ಸೊಪ್ಪಣ್ಣನಿಗೆ ಕಾರಣ ಎಂದೋ ಗೊತ್ತಾಗಿತ್ತು. ಬಾಯಿಬಿಟ್ಟರೆ ಆ ಒಂದು ಗಂಟೆ ಕೈತಪ್ಪುತ್ತದೆ. ಸುಮ್ಮನಿದ್ದರೆ ಈ ಮನುಷ್ಯನ ಕೆಲಸ ಹೋಗುತ್ತದೆ.

"ಅದು ನನ್ನ ಉಸಿರು, ಅಮ್ಮಾ," ಎಂದ. "ಊಟಕ್ಕೆ ಒಳಗೆ ಕೂರ್ತೀನಿ. ಸ್ವಲ್ಪ ಮಾತೂ ಆಡ್ತೀನಿ."

"ಯಾರ ಹತ್ರ?"

"ಸೊಪ್ಪಿನ ಹತ್ರ."

ಮೆಕ್ಯಾನಿಕ್ಕು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ಸೋರ್ತಾ ಇದ್ದಿದ್ದು ನೀವಾ!" ಸಂಜೆಯೊಳಗೆ ಆ ಮಾತು ಗೋದಾಮಿನ ತುಂಬ ಓಡಾಡಿತು. ಒಡತಿ ಗದರಲಿಲ್ಲ, ಒಳಗೆ ಕೂರುವುದು ಕ್ಷೇಮವಲ್ಲ, ಇನ್ನು ಒಂದು ಗಂಟೆಗೆ ಬಾಗಿಲಿಗೆ ಬೀಗ ಎಂದಳು, ಅಷ್ಟೇ.

ಮರುದಿನ ಅವನು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಉಂಡ. ಬಾಯಿ ತೆರೆದದ್ದು ತುತ್ತಿಗೆ ಮಾತ್ರ. ಎರಡು ಗಂಟೆಗೆ ಒಡತಿ ಕರೆದು ಕಂಪ್ಯೂಟರು ತೋರಿಸಿದಳು. ಗೆರೆ ಚಪ್ಪಟೆಯಾಗಿ ಮಲಗಿತ್ತು.

"ನೋಡಿ, ಈಗ ಸರಿಹೋಯ್ತು."

ಸೊಪ್ಪಣ್ಣ ಬಹಳ ಹೊತ್ತು ನೋಡಿದ. "ಹಳೇ ಉಬ್ಬುಗಳು ಇದಾವಾ ಅಮ್ಮಾ? ಒಂದು ಕಾಗದದ ಮೇಲೆ ತೆಗೆದುಕೊಟ್ಟಿದ್ರೆ..."

"ಅಯ್ಯೋ, ಬೆಳಿಗ್ಗೆನೇ ಅಳಿಸಿಬಿಟ್ಟೆ. ಬೇಡದ್ದು ಯಾಕೆ ಇಟ್ಕೋಬೇಕು?"

"ಅದೂ ಸರಿ," ಎಂದ ಸೊಪ್ಪಣ್ಣ, ಬೀಗದ ಕೈ ತೆಗೆದುಕೊಂಡು ದೀಪ ಹಾಕಲು ಹೋದ.