ಸಂಜೀವಣ್ಣನ ಟೆರೇಸ್ ಪತ್ರೊಡೆ

ಒಂದೇ ಬೆಂಡೆಕಾಯಿಯನ್ನು ಎಂಟು ಜನರಿಗೆ ಬಡಿಸಿದ ಮನುಷ್ಯನನ್ನು ನಾನು ನೋಡಿದ್ದೇನೆ. ಸಂಜೀವಣ್ಣ ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಒಬ್ಬೊಬ್ಬರ ತಟ್ಟೆಗೆ ಒಂದೊಂದು ಇಟ್ಟು, ನಿಧಾನವಾಗಿ ತಿನ್ನಲು ಹೇಳಿದರು. ಅಂಧೇರಿಯಿಂದ ಮೆಟ್ರೊ ಹತ್ತಿ ಬಂದಿದ್ದ ಹುಡುಗಿಯರು ಕಣ್ಣು ಮುಚ್ಚಿಕೊಂಡು ಅಗಿದರು. ನನ್ನ ಪಾಲಿನ ಬಿಲ್ಲೆ ಹಲ್ಲಿನ ಸಂದಿಗೆ ಹೋಗಿ ಕೂತಿತು. ರುಚಿ ಗೊತ್ತಾಗಲಿಲ್ಲ.

ಸಂಜೀವಣ್ಣ ಉಡುಪಿ ಕಡೆಯವರು. ಹೋಟೆಲ್ಲಿನ ಗಲ್ಲಾದಲ್ಲಿ ಕೂತೇ ತಲೆ ನರೆಸಿಕೊಂಡವರು. ಕೆಲಸ ಬಿಟ್ಟ ಮೇಲೆ ಘಾಟ್ಕೋಪರಿನ ತಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಬೇಸಾಯ ಶುರು ಮಾಡಿದರು. ನಾನು ಪಕ್ಕದ ಚಾಳಿನವನು. ವಿಜಾಪುರದವನು, ಆಟೊ ಓಡಿಸುತ್ತೇನೆ. ಕನ್ನಡ ಬರುತ್ತದೆ ಎಂಬ ಒಂದೇ ತಪ್ಪಿಗೆ ಅವರ ಸೆಗಣಿ ಚೀಲಗಳು ನನ್ನ ಆಟೊ ಹತ್ತಿದವು. ಆಮೇಲೆ ಹತ್ತಿದ ಪ್ಯಾಸೆಂಜರ್ ಮುಂದಿನ ಸಿಗ್ನಲ್ಲಿನಲ್ಲೇ ಇಳಿದುಹೋದ.

"ನಾತ ಹೊಡೀತೈತ್ರಿ ಅಣ್ಣಾ, ಗಿರಾಕಿ ಓಡಿ ಹೊಂಟಾರ," ಎಂದೆ.

"ನಾತ ಅಲ್ಲ ಮಾರಾಯ, ಮಣ್ಣಿನ ಪರಿಮಳ ಅದು. ಮಣ್ಣು ಅಂದ್ರೆ ಎಂತ ಅಂತ ಗೊತ್ತುಂಟಾ ನಿಂಗೆ?"

ನಮ್ಮಪ್ಪ ಜೀವನವೆಲ್ಲ ಹೊಲದಲ್ಲಿ ದುಡಿದವನು. ಇವರು ಜೀವನವೆಲ್ಲ ಬಿಲ್ಲು ಹರಿದವರು. ಆದರೂ ಚೀಲ ಹೊತ್ತು ಮೇಲೆ ಹತ್ತಿದೆ. ಅವರ ಹೆಂಡತಿ ವಸಂತಕ್ಕ ನೀರುದೋಸೆ ಹುಯ್ಯುತ್ತಿದ್ದರು.

ಟೆರೇಸಿನ ತುಂಬ ಒಡೆದ ಡ್ರಮ್ಮು, ಬಣ್ಣದ ಡಬ್ಬ, ಯಾರೋ ಬಿಸಾಡಿದ ಸಿಂಕು. ಎಲ್ಲದರಲ್ಲೂ ಒಂದೊಂದು ಗಿಡ. ಲಿಫ್ಟಿನಲ್ಲಿ ಸಿಕ್ಕವರಿಗೆ ತಲೆಯನ್ನೂ ಆಡಿಸದ ಮನುಷ್ಯ ಬದನೆ ಗಿಡದ ಹತ್ತಿರ ಕೂತು ತುಳುವಿನಲ್ಲಿ ಕ್ಷೇಮ ವಿಚಾರಿಸುತ್ತಿದ್ದರು. ಆಗಾಗ ಒಂದು ಭಾನುವಾರ ಜನರನ್ನು ಕರೆದು 'ಲೋಕಲ್ ಊಟ' ಹಾಕುತ್ತಿದ್ದರು. ಅಂಗಡಿಯದ್ದು ಏನೂ ಇರಬಾರದು, ಅದು ಕಾನೂನು. ಅಕ್ಕಿ, ತೆಂಗಿನಕಾಯಿ ಮಾತ್ರ ಉಡುಪಿಯ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದವು.

"ಅಷ್ಟ್ ದೂರಿಂದ ಬಂದದ್ದು ಹೆಂಗ್ರಿ ಲೋಕಲ್ ಆಕ್ಕೈತಿ?" ಎಂದು ಕೇಳಿದೆ.

"ನಾನು ಅಲ್ಲಿಯ ಲೋಕಲ್ ಅಲ್ವನಾ?" ಎಂದರು.

ಇಂಥವರಿಗೂ ಒಂದು ಕಷ್ಟ ಬಂತು. ಟೆರೇಸಿನ ಕೆಳಗಿನ ಫ್ಲಾಟು ಸೊಸೈಟಿಯ ಚೇರ್ಮನ್ನರದು. ಗಿಡಕ್ಕೆ ಹಾಕಿದ ನೀರು ಇಳಿದಿಳಿದು ಅವರ ಹಾಸಿಗೆಯ ಮೇಲೆ ತೊಟ್ಟಿಕ್ಕತೊಡಗಿತು. ಮುಂದಿನ ಮೀಟಿಂಗಿನಲ್ಲಿ ಎಲ್ಲಾ ತೆಗೆಸುತ್ತೇನೆ ಎಂದರು ಅವರು. ಸಂಜೀವಣ್ಣನ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ.

"ಇದು ಹೋದ್ರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ ಬಸು?"

ನನಗೆ ನಗೆ ಬರಲಿಲ್ಲ. ಆದರೆ ಅವರೇ ಒಂದು ಉಪಾಯ ಹುಡುಕಿದರು. ಚೇರ್ಮನ್ ಮರಾಠಿಯವರು. ಅಳುವಡಿ ಎಂದರೆ ಪ್ರಾಣ. ಉಡುಪಿ ಕಡೆಯ ಪತ್ರೊಡೆಯೂ ಅದರ ಅಣ್ಣನೇ, ಕೆಸುವಿನ ಎಲೆಗೆ ಹಿಟ್ಟು ಬಳಿದು ಸುತ್ತಿ ಬೇಯಿಸುವುದು. ಟೆರೇಸಿನ ಕೆಸುವಿನಲ್ಲೇ ಪತ್ರೊಡೆ ಮಾಡಿ ತಿನ್ನಿಸಿದರೆ ಮನುಷ್ಯ ಕರಗುತ್ತಾನೆ ಎಂದು ಲೆಕ್ಕ ಹಾಕಿದರು.

ಭಾನುವಾರ ಬೆಳಿಗ್ಗೆ ವಸಂತಕ್ಕ ಹಿಟ್ಟು ಕಲಸುತ್ತಾ ನಿಂತುಬಿಟ್ಟರು. "ಹುಳಿ ಸಾಲ್ದು. ಕೆಸು ಗಂಟಲು ತುರಿಸ್ತದೆ. ಬಸುನ ಹತ್ರ ಒಂಚೂರು ಹುಣಸೆ ತರಿಸಿ."

"ಅಂಗಡಿ ಹುಳಿ ನನ್ನ ಟೆರೇಸಿಗೆ ಹತ್ತುವುದಿಲ್ಲ. ನಮ್ಮ ನಿಂಬೆ ಉಂಟಲ್ಲ?"

ಉಂಟು ಎಂದರೆ, ಬಕೆಟ್ಟಿನ ಗಿಡದಲ್ಲಿ ಗೋಲಿಯಷ್ಟು ದೊಡ್ಡವು ಎರಡೋ ಮೂರೋ ಇದ್ದವು.

"ಅಣ್ಣಾ, ಆಟೊದಾಗ ಹೋಗಿ ಈಗ ತರ್ತೀನ್ರಿ. ಯಾರಿಗೂ ಗೊತ್ತಾಗೂದಿಲ್ಲ."

"ನಂಗೆ ಗೊತ್ತಾಗ್ತದಲ್ಲ?"

"ನಿಮ್ಮ ಹಟ ಒಂದು," ಎಂದು ವಸಂತಕ್ಕ ಆ ಗೋಲಿಗಳನ್ನೇ ಹಿಂಡಿದರು.

ಮಧ್ಯಾಹ್ನ ಊಟಕ್ಕೆ ಬಂದವರ ಸಾಲಿನಲ್ಲಿ ಚೇರ್ಮನ್ನರೂ ಕೂತರು. ಒಂದು ತಿಂದು "ವಾಹ್" ಎಂದರು. ಮತ್ತೊಂದು ಹಾಕಿಸಿಕೊಂಡರು. ಸಂಜೀವಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮೂರನೆಯದು ಅರ್ಧ ಒಳಗೆ ಹೋಗಿರಬೇಕು, ಚೇರ್ಮನ್ನರ ಕೈ ಗಂಟಲಿಗೆ ಹೋಯಿತು. ಸಾಲಿನಲ್ಲಿ ಕೂತಿದ್ದವರೆಲ್ಲ ಒಬ್ಬರ ಹಿಂದೆ ಒಬ್ಬರು ಕೆಮ್ಮತೊಡಗಿದರು. ಅಂಧೇರಿಯ ಹುಡುಗಿ ಒಬ್ಬಳು ಕಣ್ಣೀರು ಸುರಿಸುತ್ತಾ, "ಅಂಕಲ್, ಒರಿಜಿನಲ್ ಟೇಸ್ಟ್ ಹೀಗೇನಾ?" ಎಂದು ಹಿಂದಿಯಲ್ಲಿ ಕೇಳಿದಳು. ಸಂಜೀವಣ್ಣ ತಮ್ಮ ಕುತ್ತಿಗೆಯನ್ನೂ ಕೆರೆದುಕೊಳ್ಳುತ್ತಾ ಹೌದೆಂದು ತಲೆ ಆಡಿಸಿದರು. ಚೇರ್ಮನ್ನರಿಗೆ ಸ್ವರವೇ ಹೊರಡಲಿಲ್ಲ. ಬೆರಳೆತ್ತಿ ಡ್ರಮ್ಮುಗಳನ್ನು ತೋರಿಸಿದರು. ಆಮೇಲೆ ಮೆಟ್ಟಿಲು ತೋರಿಸಿದರು. ಮೀಟಿಂಗ್ ಅಲ್ಲಿಗೇ ಮುಗಿಯಿತು.

ಡ್ರಮ್ಮುಗಳನ್ನು ಇಳಿಸಿದವನು ನಾನೇ. ಸಂಜೀವಣ್ಣ ಕೊನೆಯವರೆಗೂ ಮೇಲೆ ನಿಂತು, "ಮೆಲ್ಲ, ಬೇರು ಅಲುಗುತ್ತದೆ," ಎನ್ನುತ್ತಿದ್ದರು, ಎಲ್ಲಾ ಕಸದ ಗಾಡಿಗೆ ಹೋಗುವುದು ಗೊತ್ತಿದ್ದೂ. ಕೆಸುವಿನ ಟಬ್ ಒಂದನ್ನು ನನಗೆ ಕೊಟ್ಟರು. ಆ ವರ್ಷವೇ ಫ್ಲಾಟು ಬಾಡಿಗೆಗೆ ಕೊಟ್ಟು ಊರಿಗೆ ಹೋದರು.

ಮೊನ್ನೆ ಫೋನ್ ಮಾಡಿದ್ದೆ. "ಊರಾಗ ಬೇಕಾದಷ್ಟು ಜಾಗ ಐತಲ್ರಿ ಅಣ್ಣಾ, ಏನೇನ್ ಬೆಳದೀರಿ?"

"ಇಲ್ಲಿ ಯಾರು ಮಾರಾಯ ನೋಡ್ಲಿಕ್ಕೆ ಬರುವುದು? ತರಕಾರಿ ಅಂಗಡಿ ಮನೆ ಎದುರೇ ಉಂಟು." ಆಮೇಲೆ ಅವರೇ ಕೇಳಿದರು, "ನನ್ನ ಕೆಸು ಉಂಟಾ?"

"ಚಾಳಿನ ನಳದ ಬುಡಕ್ಕ ಇಟ್ಟೀನ್ರಿ, ಆನಿ ಕಿವಿ ಆಗೈತಿ ಒಂದೊಂದು ಎಲಿ. ನಿನ್ನೆ ನಮ್ಮವ್ವ ಪತ್ರೊಡೆ ಮಾಡಿದ್ಲು. ಚಾಳಿನ ಮಂದಿ ಎಲ್ಲಾ ತಿಂದ್ರು."

"ತುರಿಸಲಿಲ್ವನಾ?"

"ಇಲ್ರಿ. ಅಂಗಡಿ ಹುಣಸಿಹಣ್ಣು ಹಾಕಿದ್ವಿ."

 

"ಹಾಗಾದ್ರೆ ಗಿಡ ನಂದು ಅಂತ ಯಾರಿಗೂ ಹೇಳ್ಬೇಡ," ಎಂದು ಫೋನ್ ಇಟ್ಟರು.