ಬಿಳಿ ಕುದುರೆಗೆ ವಿಮೆ ಮಾಡಿಸಿದ್ದು

ನಮ್ಮ ಮನೆಯಲ್ಲಿ ನನಗೂ ವಿಮೆ ಇಲ್ಲ, ನಮ್ಮ ಮನೆಯವರಿಗೂ ಇಲ್ಲ. ಕುದುರೆಗೆ ಇದೆ. ಇದನ್ನು ಹೇಳಿದರೆ ರಾಯದುರ್ಗದಲ್ಲಿ ನಮ್ಮ ಬೀದಿಯವರು ನಗುತ್ತಾರೆ. ನಗಲಿ. ಅವರ ಮಕ್ಕಳ ಮದುವೆಗೆ ಬೇಕಾಗುವುದು ಕುದುರೆ, ನಾನಲ್ಲ.

ಬಿಳಿಯ ಹೆಣ್ಣು ಕುದುರೆ. ಮದುವೆಯ ಹಿಂದಿನ ಸಂಜೆ ಮದುಮಗನನ್ನು ಹೊತ್ತು ಬ್ಯಾಂಡಿನವರ ಹಿಂದೆ ಮೆಲ್ಲಗೆ ನಡೆಯುವುದು ಅದರ ಕೆಲಸ, ಲಗಾಮು ಹಿಡಿದು ಜೊತೆಗೆ ನಡೆಯುವುದು ನಮ್ಮ ಮನೆಯವರ ಕೆಲಸ. ಹನ್ನೆರಡು ವರ್ಷದ ಹಿಂದೆ ನನ್ನ ತವರು ಮಡಕಶಿರಾದಿಂದ, ನನ್ನ ಅಣ್ಣನ ಹತ್ತಿರ ಕೊಂಡು ತಂದದ್ದು. ಆಗ ಸ್ಕೂಟರ್ ಹಾರನ್ನಿಗೂ ಬೆದರುತ್ತಿತ್ತು. ಈಗ ಪಕ್ಕದಲ್ಲೇ ಸರಪಟಾಕಿ ಹಚ್ಚಿದರೂ ಕಿವಿ ಅಲ್ಲಾಡಿಸುವುದಿಲ್ಲ.

ಅದರ ಎದೆಯ ನಡುವೆ ಒಂದು ಸುಳಿ ಇದೆ. ನಮ್ಮ ಕಡೆ ಕುದುರೆ ನೋಡುವವರು ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ, ಅಂದರೆ ಕೂದಲು ಎಲ್ಲೆಲ್ಲಿ ಸುತ್ತಿಕೊಂಡು ಬೆಳೆದಿದೆ ಎಂದು. ಹಣೆಯಲ್ಲಿದ್ದರೆ ಶುಭವಂತೆ, ಎದೆಯಲ್ಲಿದ್ದರೆ ಯಜಮಾನನಿಗೆ ಆಗದಂತೆ. ಅಣ್ಣ ಏನನ್ನೂ ಮುಚ್ಚಿಡದೆ ತೋರಿಸಿಯೇ ಕೊಟ್ಟಿದ್ದ. ಕುದುರೆಯ ಮುಖಕ್ಕೆ ಸೋತ ನಮ್ಮ ಮನೆಯವರು ಎದೆಯ ಕಡೆ ಕಣ್ಣೇ ಹಾಯಿಸಲಿಲ್ಲ. ನಾನು ಮಾತ್ರ ಊಟ ಬಿಟ್ಟು ಕೂತೆ. ಆಗದು ಎಂದರೆ ಏನಾಗುತ್ತದೆ ಎಂದು ಕೇಳಿದರೆ ಎಲ್ಲರೂ ನನ್ನ ಕೊರಳ ತಾಳಿಯ ಕಡೆ ನೋಡುತ್ತಾರೆ ಅಷ್ಟೆ.

ಏನೂ ಆಗಲಿಲ್ಲ. ಈ ಮನುಷ್ಯ ಈಗಲೂ ಮಧ್ಯಾಹ್ನ ಎರಡು ಮುದ್ದೆ ಉಂಡು, ಮೂರನೆಯದು ಇದೆಯಾ ಎಂದು ತಪ್ಪಲೆಗೆ ಇಣುಕುತ್ತಾರೆ. ವರ್ಷಗಳು ಹೋದಂತೆ ನನ್ನ ಹೆದರಿಕೆಯೂ ಹೋಯಿತು. ಆದರೆ ಮದುಮಗನಿಗೂ ತಟ್ಟೀತು ಎಂಬ ಮದುವೆಯ ಮನೆಯವರ ಹೆದರಿಕೆ ಹೋಗಬೇಕಲ್ಲ? ಹಾಗಾಗಿ ಕುದುರೆಯ ಎದೆಗೆ ಕೆಂಪು ಮಖಮಲ್ಲಿನ ಅಗಲವಾದ ಗೆಜ್ಜೆಪಟ್ಟಿ ಕಟ್ಟುವುದನ್ನು ರೂಢಿ ಮಾಡಿಕೊಂಡೆವು. ಬಾಗಿಲಲ್ಲಿ ಯಾರು ನಿಂತರೂ ಮೊದಲು ಕುದುರೆಗೆ ಪಟ್ಟಿ, ಆಮೇಲೆ ಬಂದವರಿಗೆ ನೀರು. ಈ ಕಸುಬಿನಲ್ಲಿ ಇದೇನು ದೊಡ್ಡ ಪಾಪವಲ್ಲ. ಒಬ್ಬೊಬ್ಬರ ಕುದುರೆಯಲ್ಲಿ ಒಂದೊಂದು ಗುಟ್ಟು ಇದ್ದೇ ಇರುತ್ತದೆ.

ಮೊದಲ ಸಲ ವಿಮೆ ಮಾಡಿಸಿದ್ದು ನಮ್ಮ ಮನೆಯವರೇ. ಅರ್ಜಿಯ ಜೊತೆ ಫೋಟೋ ಕೇಳಿದರೆ, ಯಾರದೋ ಮದುವೆಯಲ್ಲಿ ತೆಗೆದ, ಮೈತುಂಬ ಸಿಂಗಾರದ ಫೋಟೋ ಕೊಟ್ಟಿದ್ದರು. ಗುರುತು ಎಂಬಲ್ಲಿ ಬಿಳಿ ಬಣ್ಣ, ಹಣೆಯಲ್ಲಿ ಸುಳಿ ಎಂದಷ್ಟೇ ಬರೆಸಿದ್ದರು. ಎದೆಯ ಸುದ್ದಿಯೇ ಇಲ್ಲ. ವರ್ಷಗಟ್ಟಲೆ ಮುಚ್ಚಿಟ್ಟ ಕೈ ಕಾಗದದಲ್ಲೂ ಮುಚ್ಚಿಟ್ಟಿತು.

ಹೋದ ವರ್ಷ ಬೇಸಿಗೆಯಲ್ಲಿ ಕುದುರೆಗೆ ಹೊಟ್ಟೆಶೂಲೆ ಬಂತು. ಬೆಳಿಗ್ಗೆ ಮೇವು ಮುಟ್ಟಲಿಲ್ಲ, ಪಕ್ಕೆಯನ್ನು ತಿರುಗಿ ತಿರುಗಿ ನೋಡಿಕೊಂಡಿತು, ಆಮೇಲೆ ಬಿದ್ದು ಹೊರಳಾಡತೊಡಗಿತು. ಪಶು ಆಸ್ಪತ್ರೆಯ ಡಾಕ್ಟರು ಬಂದು ಮೂಗಿನಿಂದ ಕೊಳವೆ ಇಳಿಸಿ ಔಷಧ ಹಾಕಿದರು, ಇಂಜೆಕ್ಷನ್ ಕೊಟ್ಟರು, ಮಲಗಲು ಬಿಡದೆ ನಡೆಸುತ್ತಿರಿ ಎಂದರು. ಎರಡು ದಿನ ನಾವಿಬ್ಬರೂ ಸರದಿಯ ಮೇಲೆ ಹಿತ್ತಲಲ್ಲಿ ನಡೆಸಿದೆವು. ಮೂರನೆಯ ದಿನ ವಿಮೆಯ ಕಡೆಯಿಂದ ಪರೀಕ್ಷೆಗೆ ಬಂದವರು ಕಾಗದ ನೋಡಿದರು, ಕಾಯಿಲೆಯೆಂದು ಪಟ್ಟಿ ಬಿಚ್ಚಿದ್ದ ಎದೆ ನೋಡಿದರು.

“ಇದು ಕಾಗದದಾಗಿರೋ ಕುದುರಿ ಅಲ್ರಿ.”

“ಇದ ಕುದುರಿ ರೀ, ಆಣಿ ಮಾಡಿ ಹೇಳ್ತೀನಿ. ಸುಳಿ ಹುಟ್ಟಿದಾಗಿಂದ ಐತ್ರಿ” ಎಂದರು ನಮ್ಮ ಮನೆಯವರು.

“ಮತ್ತ ಯಾಕ ಬರಸಿಲ್ರಿ?”

ಬಿಳಿ ಕುದುರೆಗಳೆಲ್ಲ ನೋಡಲು ಒಂದೇ, ಸುಳಿ ಬಿಟ್ಟರೆ ಬೇರೆ ಗುರುತೇನು? ವಿಮೆಯವರದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಖರ್ಚೆಲ್ಲ ನಮ್ಮ ತಲೆಗೇ ಬಂತು. ಕುದುರೆ ಉಳಿಯಿತು. ಡಾಕ್ಟರು ಹೋಗುವಾಗ ನನ್ನನ್ನು ಕರೆದು, ಈ ಶೂಲೆ ಮತ್ತೆ ಬರಬಹುದು, ಬಂದರೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾದೀತು, ಆಪರೇಷನ್ ಆದರೂ ಆದೀತು, ಅದು ನಿಮ್ಮ ಕೈಯಿಂದಾಗುವ ಮಾತಲ್ಲ, ಚಿಕಿತ್ಸೆಗೆ ಕೊಡುವಂಥ ಇನ್ನೊಂದು ವಿಮೆ ನೋಡಿಕೊಳ್ಳಿ ಎಂದರು. ಅವತ್ತಿನಿಂದ ಕಾಗದಪತ್ರದ ಕೆಲಸ ನನ್ನದಾಯಿತು.

ಕುದುರೆಯ ವಿಮೆ ಎಂದರೆ ಹೆಚ್ಚಿನವು ಸತ್ತರೆ ಕೊಡುವಂಥವು. ಸತ್ತ ಮೇಲೆ ನನಗೇನು ಬೇಕು? ಬದುಕಿಸಲು ಕೊಡುತ್ತೀರಾ ಎಂದು ಕೇಳಿದರೆ ಫೋನ್ ಇಟ್ಟುಬಿಡುತ್ತಿದ್ದರು. ಒಬ್ಬ ಏಜೆಂಟ್ ಮನೆಗೇ ಬಂದು “ಎಲ್ಲಾ ಕವರ್ ಆಗ್ತೈತ್ರಿ ಅಕ್ಕಾರ, ನೀವು ಚಿಂತಿ ಮಾಡಬ್ಯಾಡ್ರಿ” ಎಂದ. ಯಾವ ಪುಟದಲ್ಲಿದೆ ತೋರಿಸಪ್ಪ ಎಂದೆ. ಚಹಾ ಬಹಳ ಚೆನ್ನಾಗಿದೆ ಎಂದು ಹೇಳಿ ಹೋದವನು ತಿರುಗಿ ಬರಲಿಲ್ಲ.

ಇನ್ನೊಬ್ಬ ಕಣೇಕಲ್ಲಿನವನು. ಹಳೆಯ ಬೈಕು, ಮಾತು ಕಡಿಮೆ. ಅವನು ಕೂತ ಕೂಡಲೇ ಏನೇನು ಸಿಗುವುದಿಲ್ಲ ಎಂಬುದನ್ನು ಹೇಳಲು ಶುರು ಮಾಡಿದ. ಮೊದಲ ಕೆಲವು ದಿನ ಏನೂ ಸಿಗದು. ಹಿಂದೆ ಬಂದ ಶೂಲೆಯನ್ನು ಬರೆಸಲೇಬೇಕು, ಆರು ತಿಂಗಳು ಮತ್ತೆ ಬಾರದಿದ್ದರೆ ಮಾತ್ರ ಅದರ ಚಿಕಿತ್ಸೆಗೂ ಕೊಡುತ್ತಾರೆ. ಕಾಯಿಲೆ ಬಿದ್ದ ದಿನವೇ ಫೋನ್ ಮಾಡಬೇಕು. ನಮ್ಮ ಊರಿನ ಪಶು ಆಸ್ಪತ್ರೆಯ ಚೀಟಿ ನಡೆಯುತ್ತದೆ, ಔಷಧದಂಗಡಿಯವನ ಚೀಟಿ ನಡೆಯದು. ನಾನು ಪುಟ ಕೇಳುವ ಮೊದಲೇ ಅವನು ಪುಟ ತಿರುವಿ ಬೆರಳಿಟ್ಟು ತೋರಿಸಿದ. ಇಲ್ಲ ಎನ್ನುವುದನ್ನು ಮೊದಲು ಹೇಳಿದವನು ಇದೆ ಎಂದರೆ ನಂಬಬಹುದು ಅನ್ನಿಸಿತು. ಅವನನ್ನೇ ಆರಿಸಿಕೊಂಡೆ.

ಆದರೆ ಅವನು ಮೂರು ದಾಖಲೆ ಕೇಳಿದ. ಮೈಮೇಲೆ ಒಂದು ದಾರವೂ ಇಲ್ಲದಂತೆ ನಾಲ್ಕು ಕಡೆಯ ಫೋಟೋ, ಎಲ್ಲ ಸುಳಿಗಳ ಪಟ್ಟಿ, ಕುದುರೆ ಮಾರಿದವರ ಕೈಬರಹದ ಪತ್ರ. ನಮ್ಮ ಮನೆಯವರು ಕೆರಳಿದರು.

“ನಿನಗೇನ್ ತಲಿ ಕೆಟ್ಟೈತೇನು? ಸುಳಿ ಸುದ್ದಿ ಊರಾಗ ಹಬ್ಬಿದ್ರ ಯಾವನು ಹತ್ತತಾನ ನಮ್ಮ ಕುದುರಿ?”

“ಮುಚ್ಚಿಟ್ಟಿದ್ದಕ್ಕೇ ಅಲ್ವಾ ಹೋದ್ ಸಾರಿ ಹಂಗಾಗಿದ್ದು? ನಿಮ್ಗೆ ಮದ್ವೆ ಬೇಕೋ, ಕುದ್ರೆ ಬೇಕೋ ಹೇಳ್ಬಿಡಿ.”

ಎರಡು ದಿನ ಅವರು ಹಿತ್ತಲಲ್ಲಿ ಕುದುರೆಯ ಹತ್ತಿರವೇ ಮಲಗಿದರು. ಅವರ ಸಂಕಟ ನನಗೆ ತಿಳಿಯದ್ದೇನಲ್ಲ. ಬರೆಸಿದರೆ ಹೊಟ್ಟೆಪಾಡು ಹೋಗಬಹುದು, ಬರೆಸದಿದ್ದರೆ ಮುಂದಿನ ಶೂಲೆಗೆ ಕುದುರೆಯೇ ಹೋಗಬಹುದು. ಮೂರನೆಯ ದಿನ ನಾನು ಒಬ್ಬಳೇ ಮಡಕಶಿರಾದ ಬಸ್ಸು ಹತ್ತಿದೆ.

ಅಣ್ಣ ರೊಳ್ಳದ ದಾರಿಯ ಹೊಲದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ. ಮನೆಗೆ ಕರೆತಂದು ಹಾಳೆ, ಪೆನ್ನು ಕೈಗೆ ಕೊಟ್ಟೆ. ನಾಲಿಗೆ ಕಚ್ಚಿಕೊಂಡು ಶ್ರದ್ಧೆಯಿಂದ ಬರೆದ. ಓದಿ ನೋಡಿದರೆ ಬಣ್ಣವಿದೆ, ಎತ್ತರವಿದೆ, ಹಣೆಯ ಸುಳಿಯೂ ಇದೆ, ಎದೆಯ ಸುಳಿ ಇಲ್ಲ!

“ಅಣ್ಣಾ, ನಾನು ಅಷ್ಟ್ ದೂರದಿಂದ ಬಂದಿರೋದೇ ಅದುಕ್ಕೆ ಕಣೋ.”

“ಅದ್ನ ಯಾರಾದ್ರೂ ಬರೀತಾರೇನವ್ವ? ನಾಕು ಜನ ಓದೋ ಕಾಗ್ದ. ಸುಮ್ಕಿರು.”

“ನಾಕು ಜನ ಓದ್ಲಿ ಅಂತ್ಲೇ ಬರುಸ್ತಿರೋದು. ಬರಿ.”

ಬೈಯುತ್ತಲೇ ಎರಡನೆಯ ಹಾಳೆ ತೆಗೆದುಕೊಂಡ. ಬರೆದು ಮುಗಿಸಿ, “ನಿಮ್ ಯಜಮಾನ್ರು ಚೆನ್ನಾಗವ್ರಾ?” ಎಂದು ಮೆಲ್ಲಗೆ ಕೇಳಿದ. ಇಷ್ಟು ವರ್ಷದಿಂದ ಅವನೂ ಒಳಗೊಳಗೇ ಹೆದರಿಕೊಂಡಿದ್ದಾನೆ ಎಂದು ಅವತ್ತು ಗೊತ್ತಾಯಿತು. ಪಾಪ ಅನ್ನಿಸಿತು. ಮುದ್ದೆಯ ಲೆಕ್ಕ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಫೋಟೋ ತೆಗೆಯುವ ದಿನ ನಮ್ಮ ಮನೆಯವರು ಪಟ್ಟಿ ಬಿಚ್ಚಲಿಲ್ಲ, ನಾನೇ ಬಿಚ್ಚಿದೆ. ಅವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಬೀದಿಯ ಮಕ್ಕಳು, ಹೂವಿನವಳು, ಎದುರಂಗಡಿಯವರು ಎಲ್ಲ ಬಂದು ನೋಡಿದರು. ಸುದ್ದಿ ಹಬ್ಬಲು ಇನ್ನೇನು ಬೇಕು? ಎರಡು ಮದುವೆಗಳು ಕೈತಪ್ಪಿದವು. ಮೂರನೆಯ ಮದುವೆಯ ಮನೆಯಿಂದ ಅಜ್ಜ ಒಬ್ಬರು, ಹಣೆತುಂಬ ವಿಭೂತಿ ಧರಿಸಿದವರು, ಸ್ವತಃ ವಿಚಾರಿಸಲು ಬಂದರು.

“ಸುಳಿ ಐತಂತಲ್ಲವ್ವ?”

“ಐತೆ ಅಜ್ಜಾರೆ. ಆ ಸುಳಿ ಯಜಮಾನ್ರು ಅಲ್ಲೇ ಕೂತವ್ರೆ, ನೋಡ್ಕಳ್ಳಿ” ಎಂದೆ.

ಅಜ್ಜ ನಮ್ಮ ಮನೆಯವರ ಹೊಟ್ಟೆಯನ್ನು ಒಂದು ಗಳಿಗೆ ನೋಡಿದರು. “ಇವ್ರಿಗಂತೂ ಏನೂ ಆಗಿಲ್ಲ ಬಿಡು” ಎಂದು ನಗುತ್ತ, ಅಲ್ಲೇ ದಿನ ಗೊತ್ತುಮಾಡಿ ಹೋದರು. ಹಾಗೆಂದು ಎಲ್ಲರೂ ಬರಲಿಲ್ಲ. ಮೊದಲಿಗಿಂತ ಕರೆ ಸ್ವಲ್ಪ ಕಡಿಮೆಯೇ. ನಡೆಯುತ್ತಿದೆ, ನಮ್ಮಿಬ್ಬರಿಗೆ ಸಾಕು.

ಈ ವರ್ಷ ಶೂಲೆ ಮತ್ತೆ ಬಂತು. ಕುದುರೆ ಈಗ ಹಿತ್ತಲಲ್ಲಿ ಆರಾಮವಾಗಿ ಹುಲ್ಲು ಮೇಯುತ್ತಿದೆ, ಆದ್ದರಿಂದ ನಡುಗದೆ ಹೇಳಬಲ್ಲೆ. ಆರು ತಿಂಗಳು ದಾಟಿತ್ತು. ಬೆಳಿಗ್ಗೆಯೇ ಫೋನ್ ಮಾಡಿದೆ, ನಮ್ಮ ಊರಿನ ಡಾಕ್ಟರು ನೋಡಿ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಗಾಡಿಯಲ್ಲಿ ಹುಲ್ಲು ಹಾಸಿ ಕುದುರೆಯನ್ನು ನಿಲ್ಲಿಸಿ, ಇಬ್ಬರೂ ಎರಡು ಪಕ್ಕದಲ್ಲಿ ನಿಂತು ಹೋದೆವು. ದಾರಿಯುದ್ದಕ್ಕೂ ನಮ್ಮ ಮನೆಯವರು ಅದರ ಕತ್ತು ಸವರುತ್ತಿದ್ದರು.

ಆಸ್ಪತ್ರೆಯ ಅಂಗಳದಲ್ಲಿ ಎತ್ತು, ಎಮ್ಮೆ, ಕುರಿಗಳ ಸಂತೆಯೇ ನೆರೆದಿತ್ತು. ಮದುವೆಗೆ ಕುದುರೆ ಕೊಡುವ, ನಮ್ಮನ್ನು ಬಲ್ಲ ಇಬ್ಬರು ಬೇರೆ ಅಲ್ಲಿದ್ದರು. ಕಿಟಕಿಯಾಚೆ ಕೂತಿದ್ದ ಗುಮಾಸ್ತ ವಿಮೆಯ ಕಾಗದ ಕೈಯಲ್ಲಿ ಹಿಡಿದು, ಹೊಂದಿಸಿ ನೋಡಿ ಒಳಗೆ ಬಿಡಬೇಕು, ಇದು ನಿಮ್ಮ ಕುದುರೆಯೇ ಎನ್ನಲು ಗುರುತೇನು ಎಂದು ಕೇಳಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಮನೆಯವರು ನನ್ನನ್ನು ಪಕ್ಕಕ್ಕೆ ಸರಿಸಿ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿ ಹೇಳಿದರು:

“ಎದಿ ನಡುವ ಸುಳಿ ಐತ್ರಿ! ಯಜಮಾನ ನಾನ ಅದೀನ್ರಿ. ಲಗೂ ಬರ್ಕೊಳ್ರಿ, ಅದು ನಿಂದ್ರಲಾರದು.”